ಪೀಠದಡಿಯ ಮೂವತ್ತನಾಲ್ಕು ಗಂಟು

ನಮ್ಮೂರಿಗೆ ಹೆಸರಿಲ್ಲ. ಇತ್ತಂತೆ, ಯಾರೋ ಮರೆತರಂತೆ. ನನಗೂ ಹೆಸರಿಲ್ಲ ಅಂತಲೇ ಇಟ್ಟುಕೊಳ್ಳಿ. ಸಭಾಮನೆಯ ಕಸ ಗುಡಿಸುವವಳು ಅಂದರೆ ಸಾಕು, ಊರಿನ ನಾಯಿಗೂ ಗೊತ್ತಾಗುತ್ತದೆ. ಇಪ್ಪತ್ತೆರಡು ವರ್ಷ ಗುಡಿಸಿದ್ದೇನೆ. ದೊಡ್ಡವರ ಮುಖ ನೋಡಿದ್ದು ಕಡಿಮೆ, ಕಾಲು ನೋಡಿದ್ದೇ ಹೆಚ್ಚು. ಇದನ್ನು ಕೇಳಿ ಸಭೆಯ ಮರ್ಯಾದೆ ಹೋಯಿತು ಅನ್ನುವವರಿದ್ದರೆ ಈಗಲೇ ಕಿವಿ ಮುಚ್ಚಿಕೊಳ್ಳಿ. ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಊರಿಗೆ ಹನ್ನೊಂದು ಕೇರಿ. ಸಭಾಮನೆಗೆ ಹನ್ನೊಂದು ಪೀಠ. ಆರು ವರ್ಷಕ್ಕೊಮ್ಮೆ ಗಂಟಿನ ದಿನ ಬರುತ್ತದೆ. ಅವತ್ತು ಪೀಠ ಬಯಸಿದವರು ಒಬ್ಬೊಬ್ಬರೂ ತಮ್ಮ ಹಗ್ಗವನ್ನು ಕೇರಿಯ ಕಟ್ಟೆಯ ಮೇಲೆ ಇಟ್ಟು ದೂರ ಸರಿಯುತ್ತಾರೆ. ಮನೆಗೊಬ್ಬರು ಬಂದು, ತಮಗೆ ಬೇಕಾದವರ ಹಗ್ಗಕ್ಕೆ ಒಂದು ಗಂಟು ಹಾಕಬೇಕು. ಮನೆಗೊಂದೇ ಗಂಟು. ನೇಕಾರ ನೇಕಾರರ ಗಂಟು ಹಾಕುತ್ತಾನೆ. ಎಮ್ಮೆ ಸಾಕಿದವಳು ಎಮ್ಮೆ ಕಟ್ಟುವ ಗಂಟು, ಬಾಣಂತಿ ತೊಟ್ಟಿಲ ಗಂಟು. ಕೈಗೆ ಬಂದದ್ದು. ಯಾರ ಹಗ್ಗಕ್ಕೆ ಗಂಟು ಹೆಚ್ಚೋ ಅವರ ಹಗ್ಗವನ್ನು ಸಭಾಮನೆಗೆ ಒಯ್ದು, ನಾಲ್ಕು ಕಾಲಿನ ಚೌಕಟ್ಟಿಗೆ ಹೊರಸು ಹೆಣೆದ ಹಾಗೆ ಹೆಣೆಯುತ್ತಾರೆ. ಅದೇ ಪೀಠ. ಗೆದ್ದವರು ತಮ್ಮ ಗಂಟುಗಳ ಮೇಲೆ ತಾವೇ ಕೂರುತ್ತಾರೆ. ಸೋತವರ ಹಗ್ಗ ಸೋತವರ ಕೈಗೆ. ಅದರಲ್ಲಿ ಅವರು ಹಸು ಕಟ್ಟಲಿ, ಬಟ್ಟೆ ಒಣಹಾಕಲಿ, ಸಭೆ ಕೇಳುವುದಿಲ್ಲ.

ಗಂಟಿನ ಬಗ್ಗೆ ಯಾರಿಗಾದರೂ ಅನುಮಾನ ಬಂದರೆ? ಅದಕ್ಕೂ ಕಟ್ಟಳೆ ಇದೆ. ಸಭಾಮನೆಯ ತೊಲೆಯ ಮೇಲೆ ಕೆತ್ತಿದ್ದಾರೆ.

ಪೀಠದ ತಕರಾರನ್ನು ಸಭೆಯೇ ಕೇಳಬೇಕು, ಸಭೆಯೇ ತೀರಿಸಬೇಕು, ಹೊರಗಿನವರು ಮುಟ್ಟಬಾರದು.
ಪೀಠ ಬಿಚ್ಚದೆ ಗಂಟು ಎಣಿಸಲಾಗದು.
ಕೂತವರು ಏಳದೆ ಪೀಠ ಬಿಚ್ಚಲಾಗದು.
ಸಭೆ ಹೇಳದೆ ಕೂತವರು ಏಳಬೇಕಾಗಿಲ್ಲ.

ಕೇಳಿದರೆ ತಲೆದೂಗುವ ಹಾಗಿದೆ, ಅಲ್ಲವೇ? ನಾನೂ ಮೊದಮೊದಲು ತಲೆದೂಗಿದವಳೇ. ಆಮೇಲೊಂದು ದಿನ ಗುಡಿಸುತ್ತಾ ಗುಡಿಸುತ್ತಾ ಯೋಚನೆ ಬಂತು. ಸಭೆ ಅಂದರೆ ಯಾರು? ಕೂತವರು. ಕೂತವರಿಗೆ ಏಳು ಅನ್ನಬೇಕಾದವರು ಯಾರು? ಕೂತವರು. ಅಯ್ಯೋ ಶಿವನೇ, ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯಿತಲ್ಲ! ನನ್ನ ಅಜ್ಜಿಯ ಕಾಲದಿಂದಲೂ ತಕರಾರುಗಳು ಬಂದಿವೆ, ಹೋಗಿವೆ. ಒಂದೇ ಒಂದು ಪೀಠ ಬಿಚ್ಚಿದ್ದನ್ನು ಯಾರೂ ಕಂಡಿಲ್ಲ.

ಈ ಸಲದ ತಕರಾರು ಹೊಳೆದಂಡೆಯ ಕೇರಿಯದು. ನಾನೂ ಅದೇ ಕೇರಿಯವಳು. ಅರವತ್ತು ಮನೆ. ಮೀನು ಹಿಡಿಯುವವರು, ಬಲೆ ನೇಯುವವರು, ದೋಣಿ ನಡೆಸುವವರು. ಕೇರಿಯ ತುದಿಗೆ ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಆ ಮೆಟ್ಟಿಲೇ ನಮಗೆ ಅಂಗಳ, ಅದೇ ಅಂಗಡಿ, ಅದೇ ತವರಿಗೆ ಹೋಗುವ ದಾರಿ. ಪೀಠ ಬಯಸಿದವರು ಇಬ್ಬರು. ಒಬ್ಬಳು ದೋಣಿಯವಳು. ಅಪ್ಪ ಹೋದ ಮೇಲೆ ಅವನ ಹುಟ್ಟನ್ನೇ ಹಿಡಿದು ಊರನ್ನು ಆಚೆ ದಡಕ್ಕೆ ದಾಟಿಸಿದವಳು. ಬಾಯಿ ಜೋರು, ತೋಳು ಇನ್ನೂ ಜೋರು. ಇನ್ನೊಬ್ಬ ಸುಣ್ಣದ ಧಣಿ. ಸುಣ್ಣದ ಗೂಡು ಅವನದು, ಗೂಡಿನ ಆಳುಗಳು ಅವನವರು. ಹೊಳೆಯ ಮೆಟ್ಟಿಲಿಗೆ ಅಡ್ಡಲಾಗಿ ಗೋಡೆ ಎಬ್ಬಿಸಿದರೆ ಊರಿಗೆ ಕಳೆ ಬರುತ್ತದೆ ಅನ್ನುವುದು ಅವನ ಮಾತು. ಗೋಡೆಗೆ ಸುಣ್ಣ ಬೇಕು. ಸುಣ್ಣ ಯಾರ ಮನೆಯಿಂದ ಬರುತ್ತದೆ ಅಂತ ನಾನು ಬಾಯಿಬಿಟ್ಟು ಹೇಳಬೇಕೇ?

ನಮ್ಮಲ್ಲಿ ಒಂದು ಕೇರಿಯ ಕಲ್ಲು ಅಲುಗಿಸಬೇಕಾದರೆ ಆ ಕೇರಿಯ ಪೀಠದವರೇ ಕೈ ಎತ್ತಬೇಕು. ಅವಳು ಕೂತರೆ ಮೆಟ್ಟಿಲು ಉಳಿಯುತ್ತದೆ. ಅವನು ಕೂತರೆ ಗೋಡೆ ಏಳುತ್ತದೆ. ಇಷ್ಟೇ ವಿಷಯ.

ಗಂಟಿನ ದಿನ ಸಂಜೆ ಸಭೆಯ ಕರಣಿಕ ಎರಡೂ ಹಗ್ಗಗಳನ್ನು ಒಳಗೆ ಒಯ್ದು, ಬಾಗಿಲು ಹಾಕಿಕೊಂಡು ಎಣಿಸಿದ. ಹೊರಗೆ ಬಂದು ಸಾರಿದ. ಸುಣ್ಣದ ಧಣಿಗೆ ಐವತ್ತಮೂರು, ದೋಣಿಯವಳಿಗೆ ನಲವತ್ತೊಂದು. ಮಾರನೆಯ ಬೆಳಗ್ಗೆ ಧಣಿಯ ಹಗ್ಗ ಪೀಠವಾಗಿತ್ತು, ಪೀಠದ ಮೇಲೆ ಧಣಿ ಇದ್ದ.

ದೋಣಿಯವಳು ತನ್ನ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನೇರ ಸಭಾಮನೆಗೆ ಬಂದಳು. ತಕರಾರಿನವರು ಹೊಸ್ತಿಲ ಮೇಲೆ ನಿಲ್ಲಬೇಕು, ಒಳಗೆ ಬರುವ ಹಾಗಿಲ್ಲ. ಅವಳು ಹೊಸ್ತಿಲ ಮೇಲೆ ನಿಂತಳು.

"ಸ್ವಾಮಿ, ನಮ್ಮ ಕೇರಿಯಲ್ಲಿ ಮನೆ ಎಷ್ಟಿದಾವೆ?"

ಸಭೆಯ ಹಿರಿಯ ಕರಣಿಕನ ಕಡೆ ನೋಡಿದ. ಹಿರಿಯನ ಗಡ್ಡ ಹೊಕ್ಕುಳ ತನಕ, ಮಾತು ತುಟಿಯ ತನಕ. ಕರಣಿಕ "ಅರವತ್ತು" ಅಂದ.

"ನಂದು ನಲವತ್ತೊಂದು. ಇವರದು ಐವತ್ತಮೂರು. ಕೂಡಿಸಿದರೆ ತೊಂಬತ್ತನಾಲ್ಕು. ಅರವತ್ತು ಮನೆಯವರು ತೊಂಬತ್ತನಾಲ್ಕು ಗಂಟು ಹ್ಯಾಗೆ ಹಾಕಿದರು ಸ್ವಾಮಿ? ಬೆಕ್ಕು ನಾಯಿಗಳೂ ಬಂದಿದ್ವಾ?"

ನಾನು ಮೂಲೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡೆ. ಹಿರಿಯ ನಗಲಿಲ್ಲ. "ಪೀಠದ ತಕರಾರನ್ನು ಸಭೆಯೇ ಕೇಳುತ್ತದೆ ತಾಯಿ, ಸಭೆಯೇ ತೀರಿಸುತ್ತದೆ" ಅಂದ.

"ಕೇಳಿ ಮತ್ತೆ. ಅದಕ್ಕೇ ಬಂದಿದೀನಿ."

ತಕರಾರು ಕೇಳುವ ಕ್ರಮವೇ ಬೇರೆ. ಕವಡೆ ಹಾಕಿ ಕೂತವರಲ್ಲೇ ಮೂವರನ್ನು ಆರಿಸುತ್ತಾರೆ. ಆ ಮೂವರು ತಕರಾರಿನ ಪೀಠವನ್ನು ಮೂರು ಸುತ್ತು ಬರುತ್ತಾರೆ. ಸುತ್ತಿಗೊಮ್ಮೆ ನಿಂತು, ಪೀಠದ ಮೇಲೆ ಕೂತವನನ್ನೇ ಕೇಳುತ್ತಾರೆ, ಗಂಟು ಸರಿಯಿದೆಯೇ? ಅವನು ಸರಿಯಿದೆ ಅನ್ನುತ್ತಾನೆ. ಮೂರು ಸಲ ಸರಿಯಿದೆ ಅಂದರೆ ಸರಿ ಇದ್ದ ಹಾಗೆ. ಎಂಥ ಪರೀಕ್ಷೆ ನೋಡಿ! ನಮ್ಮ ಕೇರಿಯಲ್ಲಿ ಮೀನು ಕೊಳ್ಳುವವಳು ಕೂಡ ಕಿವಿರು ಎತ್ತಿ ನೋಡುತ್ತಾಳೆ, ತಾಜಾ ಇದೀಯಾ ಅಂತ ಮೀನನ್ನೇ ಕೇಳುವುದಿಲ್ಲ.

ಅವತ್ತು ಅಮಾವಾಸ್ಯೆ, ಸಭೆ ಸೇರುವ ದಿನ. ಅಷ್ಟನ್ನಾದರೂ ಅವತ್ತೇ ಮಾಡಿದರೇ? ಇಲ್ಲ. ಕವಡೆ ಓರೆಯಾಗಿ ಬಿತ್ತು ಅಂತ ಮುಂದಿನ ಅಮಾವಾಸ್ಯೆಗೆ ಹಾಕಿದರು. ಅವಳು ಬಂದಳು, ನಿಂತಳು. ಹಗ್ಗವನ್ನು ಬಲ ಹೆಗಲಿಗೆ ಹಾಕಿಕೊಂಡಿದ್ದಾಳೆ, ಎಡ ಹೆಗಲಿಗೆ ಇರಬೇಕಿತ್ತು ಅಂತ ಅದರ ಮುಂದಿನ ಅಮಾವಾಸ್ಯೆಗೆ ಹಾಕಿದರು. ಅವಳು ಎಡ ಹೆಗಲಿಗೆ ಬದಲಾಯಿಸಿಕೊಂಡು ಹೋದಳು. ಇದೆಲ್ಲ ಸುಮ್ಮನೆ ಅಲ್ಲ. ನಿಂತವರ ಕಾಲು ಸೋಲುತ್ತದೆ, ಕೂತವರ ಕಾಲು ಸೋಲುವುದಿಲ್ಲ ಅನ್ನುವುದು ಆ ಮನೆಯ ಹಳೆಯ ಜಾಣತನ.

ನಡುವೆ ಕರಣಿಕನನ್ನು ಅವಳ ದೋಣಿಗೆ ಕಳಿಸಿದರು. ಅವನು ದೋಣಿಯಲ್ಲಿ ಕೂತು ಕೆಮ್ಮಿ, "ಸಭೆ ನಿನ್ನ ಮೇಲೆ ಕನಿಕರ ಪಟ್ಟಿದೆ. ಹಿಂದಿನ ಸಾಲಿನಲ್ಲಿ ನಿನಗೊಂದು ಮಣೆ ಹಾಕಿಸುತ್ತಾರೆ. ಕೈ ಎತ್ತುವ ಹಾಗಿಲ್ಲ, ಕೂರಬಹುದು. ಶಾಲನ್ನೂ ಹೊದಿಸುತ್ತಾರೆ" ಅಂದ.

"ಮಣೆ ಊಟಕ್ಕೆ ಕೂರೋಕೆ ಮನೇಲಿದೆ" ಅಂದಳು ಅವಳು. "ನಾನು ಕೂರೋ ಜಾಗ ಕೇಳ್ಕೊಂಡು ಬಂದಿಲ್ಲ ಕಣಯ್ಯ. ನಮ್ಮ ಜನ ಹಾಕಿದ ಗಂಟು ಎಲ್ಲಿ ಅಂತ ಕೇಳ್ತಿದೀನಿ. ಇಳಿ ಕೆಳಗೆ, ಮೊಣಕಾಲಷ್ಟೇ ನೀರಿದೆ."

ಅವನು ಪಂಚೆ ಎತ್ತಿಕೊಂಡು ನಡೆದೇ ದಡ ಸೇರಿದ. ಕೇರಿಗೆ ಕೇರಿಯೇ ನಿಂತು ನೋಡಿತು.

ಇನ್ನು ನನ್ನ ಪಾಲಿನ ಕಥೆ. ಮೂರನೆಯ ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಸಭಾಮನೆಯಲ್ಲಿ ಇಲಿ ಸತ್ತ ವಾಸನೆ. ಮಧ್ಯಾಹ್ನ, ಒಳಗೆ ಯಾರೂ ಇಲ್ಲ. ಹುಡುಕುತ್ತಾ ಹುಡುಕುತ್ತಾ ಧಣಿಯ ಪೀಠದ ಅಡಿಗೆ ಹೋದೆ, ಅಂಗಾತ ಮಲಗಿ ಮೇಲೆ ನೋಡಿದೆ. ಇಲಿ ಸಿಗಲಿಲ್ಲ.

ಗಂಟು ಸಿಕ್ಕವು. ಮೊದಲ ಹತ್ತೊಂಬತ್ತು ಗಂಟುಗಳು ಹತ್ತೊಂಬತ್ತು ಕೈಯವು. ಒಂದು ಬಿಗಿ, ಒಂದು ಸಡಿಲ, ಒಂದು ತೊಟ್ಟಿಲಿನದು, ಒಂದು ಬಲೆಯದು. ಸರಿ, ಹತ್ತೊಂಬತ್ತು ಮನೆಯವರಿಗೆ ಅವನೇ ಬೇಕಾಗಿದ್ದ, ಅದು ಅವರ ಇಷ್ಟ. ಆಮೇಲಿಂದ ಮೂವತ್ತನಾಲ್ಕು. ಮೂವತ್ತನಾಲ್ಕೂ ಒಂದೇ ಕೈ, ಒಂದೇ ಬಿಗಿ, ಒಂದೇ ಅಂತರ. ನನಗೆ ಆ ಗಂಟು ಗೊತ್ತು. ವರ್ಷಾವರ್ಷ ಈ ಮನೆಗೆ ಸುಣ್ಣ ಬಳಿಯುವಾಗ ಚೀಲ ಬಿಚ್ಚುವವಳು ನಾನೇ. ಚೀಲದ ಬಾಯಿ ಹೊಲಿಯುವ ಗಂಟು ಅದು, ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ. ಧಣಿಯ ಗೂಡಿನಲ್ಲಿ ಚೀಲ ಕಟ್ಟುವ ಆಳೊಬ್ಬನಿದ್ದಾನೆ. ಕರಣಿಕ ಬಾಗಿಲು ಹಾಕಿಕೊಂಡಾಗ ಒಳಗೆ ಅವನೂ ಇದ್ದಿರಬೇಕು. ಬಗೆಬಗೆಯ ಗಂಟು ಹಾಕು ಅಂತ ಅವನಿಗೆ ಹೇಳಿಯೂ ಇರಬಹುದು. ಆದರೆ ಮೂವತ್ತು ವರ್ಷ ಒಂದೇ ಗಂಟು ಹಾಕಿದ ಕೈಗೆ ಇನ್ನೊಂದು ಗಂಟು ಎಲ್ಲಿಂದ ಬರಬೇಕು, ಪಾಪ!

ನನಗೆ ಸಿಟ್ಟು ಬಂತು. ಅದರ ಹಿಂದೆಯೇ ಹೆದರಿಕೆಯೂ ಬಂತು. ಬಾಯಿ ಬಿಟ್ಟರೆ ಪೊರಕೆ ಹೋಗುತ್ತದೆ, ಪೊರಕೆ ಹೋದರೆ ಒಲೆ ಆರುತ್ತದೆ. ಎರಡು ದಿನ ತುಟಿ ಹೊಲಿದುಕೊಂಡು ಓಡಾಡಿದೆ. ಮೂರನೆಯ ದಿನ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವಾಗ ದೋಣಿಯವಳ ಹತ್ತಿರ ಹೇಳಿಬಿಟ್ಟೆ.

ಅವಳು ಮೊದಲು ನಕ್ಕಳು, ಆಮೇಲೆ ನನ್ನ ಕಡೆ ತಿರುಗಿದಳು. "ಸಭೇಲಿ ಹೇಳ್ತೀಯಾ ಅಕ್ಕ?"

"ನನ್ನ ಹೊಟ್ಟೆಪಾಡು ಕಣೇ. ನಿನಗಾದರೆ ದೋಣಿ ಇದೆ."

"ಗೋಡೆ ಎದ್ದರೆ ದೋಣೀನ ಅಟ್ಟದ ಮೇಲಿಡಬೇಕು ನಾನು." ಅವಳು ತನ್ನ ಹಗ್ಗ ತಂದು, ಒಂದೊಂದೇ ಗಂಟು ಸರಿಸುತ್ತಾ ಬಂದು, ಒಂದರ ಮೇಲೆ ಬೆರಳಿಟ್ಟಳು. "ಇದು ಯಾರದು?"

ಪೊರಕೆಯ ಕಡ್ಡಿ ಬಿಗಿಯುವ ಗಂಟು. ಎರಡು ಸುತ್ತು, ಒಂದು ಒಳಸುಳಿ. "ನಂದು" ಅಂದೆ.

"ಇದನ್ನ ಹಾಕೋವಾಗ ಹೆದರಿಕೆ ಆಗಿತ್ತಾ?"

ಆಗಿರಲಿಲ್ಲ. ನಿಜ ಹೇಳುತ್ತೇನೆ, ಆ ಗಂಟು ಹಾಕಿದ ದಿನ ನಾನು ಯಾರ ಕಾಲನ್ನೂ ನೋಡಿರಲಿಲ್ಲ. ತಲೆ ಎತ್ತಿಕೊಂಡು ಕಟ್ಟೆ ಹತ್ತಿದ್ದೆ, ತಲೆ ಎತ್ತಿಕೊಂಡೇ ಇಳಿದಿದ್ದೆ. ನನಗೆ ಅಳು ಬಂತು.

ಮೂರನೆಯ ಅಮಾವಾಸ್ಯೆ. ತಕರಾರು ತೀರುವುದೂ ಅವತ್ತೇ, ಗೋಡೆಗೆ ಕೈ ಎತ್ತುವುದೂ ಅವತ್ತೇ. ಹನ್ನೊಂದು ಜನ ಕೂತರು. ದೋಣಿಯವಳು ಹೊಸ್ತಿಲ ಮೇಲೆ ನಿಂತಳು, ಹಗ್ಗ ಎಡ ಹೆಗಲಿಗೆ. ಅವಳ ಬೆನ್ನ ಹಿಂದೆ ಅಂಗಳದ ತುಂಬ ಹೊಳೆದಂಡೆಯ ಕೇರಿ. ಅಂಗಳಕ್ಕೆ ಕಟ್ಟಳೆ ಇಲ್ಲವಲ್ಲ, ಯಾರು ಬೇಕಾದರೂ ನಿಲ್ಲಬಹುದು. ನಾನು ಒಳಗೆ ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದೆ.

ಕವಡೆ ನೆಟ್ಟಗೆ ಬಿತ್ತು. ಎಣ್ಣೆ ತೆಗೆಯುವವರ ಕೇರಿಯ ಪೀಠದ ಗಾಣದವನೂ ಕೂತವರಲ್ಲಿ ಇನ್ನಿಬ್ಬರೂ ಎದ್ದು ಧಣಿಯ ಪೀಠವನ್ನು ಸುತ್ತತೊಡಗಿದರು.

"ಗಂಟು ಸರಿಯಿದೆಯೇ?"

"ಸರಿಯಿದೆ."

ಎರಡನೆಯ ಸುತ್ತು ಶುರುವಾಗುವ ಮುಂಚೆ ದೋಣಿಯವಳು ಹಗ್ಗವನ್ನು ಹೆಗಲಿಂದ ಇಳಿಸಿದಳು. "ನನ್ನ ಗಂಟನ್ನೂ ಕೇಳಿ ಸ್ವಾಮಿ. ಇವೂ ಬಾಯಿಬಿಟ್ಟು ಮಾತಾಡ್ತಾವೆ" ಅಂದಳು. ಹಿರಿಯ ಬೇಡ ಅನ್ನುವಷ್ಟರಲ್ಲಿ ಅವಳು ಶುರುಮಾಡಿದ್ದಳು.

"ಇದು ಬಲೆಯ ಗಂಟು."

"ನಂದು!" ಅಂಗಳದಿಂದ ಒಂದು ಕೂಗು.

"ಇದು ಎಮ್ಮೆಯ ಗಂಟು."

"ನಂದು!"

"ಇದು ತೊಟ್ಟಿಲ ಗಂಟು."

"ನಂದು!" ಕಂಕುಳಲ್ಲಿದ್ದ ಕೂಸೂ ಕಿರುಚಿತು.

ಅವಳು ಒಂದೊಂದೇ ಗಂಟು ಎತ್ತಿ ಹಿಡಿದಳು. ಮೂಟೆಯ ಗಂಟು, ನಂದು. ಏಣಿಯ ಗಂಟು, ನಂದು. ಬಾವಿಯ ಕೊಡದ ಗಂಟು, ನಂದು. ಒಬ್ಬ ಕುರುಡ ಮುದುಕ ಹೊಸ್ತಿಲ ತನಕ ಬಂದು, ಬೆರಳಿಂದ ತಡವಿ ನೋಡಿ, ನಂದೇ ಅಂದ. ಒಳಗಿದ್ದ ಮೂವರು ಸುತ್ತುವುದನ್ನು ಮರೆತು ನಿಂತುಬಿಟ್ಟಿದ್ದರು. ಮೂವತ್ತೆಂಟು, ನಂದು. ಮೂವತ್ತೊಂಬತ್ತು, ನಂದು. ನಲವತ್ತು, ನಂದು.

"ಇದು ಪೊರಕೆಯ ಗಂಟು."

ಅಂಗಳದಲ್ಲಿ ಯಾರೂ ಮಾತಾಡಲಿಲ್ಲ. ಅವಳು ಒಳಗೆ ನನ್ನ ಕಡೆ ನೋಡಲೂ ಇಲ್ಲ, ಒತ್ತಾಯ ಮಾಡಬಾರದು ಅಂತ ಇರಬೇಕು. ನನ್ನ ಒಲೆ ಕಣ್ಣಿಗೆ ಬಂತು, ಒಲೆಯ ಮೇಲಿನ ಮಡಕೆ ಕಣ್ಣಿಗೆ ಬಂತು. ಆಮೇಲೆ ಸಿಟ್ಟು ಬಂತು ನೋಡಿ, ಅಂಗಾಲಿಂದ ನೆತ್ತಿಗೆ. ಪೊರಕೆ ಕೆಳಗೆ ಹಾಕಿದೆ.

"ನಂದು" ಅಂದೆ.

ಹನ್ನೊಂದು ಮುಖ ನನ್ನ ಕಡೆ ತಿರುಗಿದವು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನನ್ನು ನೋಡಿದ್ದು ಅದೇ ಮೊದಲು ಅಂತ ಕಾಣುತ್ತದೆ. "ಧಣಿಗಳ ಪೀಠದಡಿ ಇರೋದು ಹತ್ತೊಂಬತ್ತು ಮನೆಯ ಗಂಟು. ಮಿಕ್ಕ ಮೂವತ್ತನಾಲ್ಕು ಸುಣ್ಣದ ಚೀಲದ ಗಂಟು, ಒಂದೇ ಕೈಯದು. ನಾನು ಕಣ್ಣಾರೆ ಕಂಡಿದೀನಿ" ಅಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಧಣಿ ಎರಡೂ ಕೈಯಿಂದ ಪೀಠದ ಅಂಚು ಹಿಡಿದುಕೊಂಡ. ಅವನೊಬ್ಬನೇ ಅಲ್ಲ. ಕೂತಿದ್ದವರಲ್ಲಿ ಇನ್ನೂ ಹಲವರ ಕೈ ಪೀಠದ ಅಂಚಿಗೆ ಹೋದದ್ದನ್ನು ನಾನು ಕಂಡೆ.

"ಸಾಕ್ಷಿ ಹೇಳುವವರಿಗೆ ಪೀಠ ಇರಬೇಕು" ಅಂದ ಹಿರಿಯ. "ಪೊರಕೆ ಹಿಡಿದವರ ಮಾತು ಸಭೆಗೆ ಕೇಳಿಸುವುದಿಲ್ಲ."

"ಕೇಳಿಸಿದ್ದಕ್ಕೇ ಅಲ್ವಾ ಸ್ವಾಮಿ ಕೇಳಿಸಲ್ಲ ಅಂದಿದ್ದು?" ಅಂದಳು ದೋಣಿಯವಳು. "ಹೋಗಲಿ, ನನ್ನ ನಲವತ್ತೊಂದೂ ಓ ಅಂದವು. ಈಗ ಅವರ ಐವತ್ತಮೂರನ್ನ ಒಂದ್ಸಲ ಕರೀರಿ. ಎಷ್ಟು ಓ ಅಂತಾವೆ ನೋಡೋಣ."

ಹಿರಿಯ ತೊಲೆಯ ಕಡೆ ಬೆರಳು ತೋರಿಸಿ ಕಟ್ಟಳೆ ಓದಿದ. ಪೀಠ ಬಿಚ್ಚದೆ ಗಂಟು ಎಣಿಸಲಾಗದು. ಕೂತವರು ಏಳದೆ ಪೀಠ ಬಿಚ್ಚಲಾಗದು. ಸಭೆ ಹೇಳದೆ ಕೂತವರು ಏಳಬೇಕಾಗಿಲ್ಲ. "ಸಭೆ ಹೇಳುವುದಿಲ್ಲ. ಆದ್ದರಿಂದ ಗಂಟು ಸರಿ. ತಕರಾರು ತೀರಿತು. ಈಗ ಗೋಡೆಯ ಮಾತು. ಹೊಳೆದಂಡೆಯ ಪೀಠ ಕೈ ಎತ್ತಲಿ."

ಧಣಿ ಪೀಠದ ಅಂಚನ್ನು ಬಿಟ್ಟು ಬಲಗೈ ಎತ್ತತೊಡಗಿದ.

ನಾನು ಏನು ಮಾಡಿದೆ ಅಂತ ಎಷ್ಟೋ ಜನ ಎಷ್ಟೋ ಥರ ಹೇಳುತ್ತಾರೆ. ಕಾಲು ಜಾರಿತು ಅನ್ನುತ್ತಾರೆ, ಗುಡಿಸುವಾಗ ಪೊರಕೆ ಸಿಕ್ಕಿಕೊಂಡಿತು ಅನ್ನುತ್ತಾರೆ. ನನ್ನನ್ನು ಉಳಿಸಲು ಹೇಳುವ ಮಾತು ಅವೆಲ್ಲ, ನನಗೆ ಬೇಡ. ನಾನು ಬೇಕೆಂದೇ ಹೋದೆ. ನೆಟ್ಟಗೆ ನಡೆದು ಹೋಗಿ, ಪೀಠದ ಅಡಿಗೆ ನುಗ್ಗಿ, ಮೂವತ್ತನಾಲ್ಕನೆಯ ಗಂಟಿನ ತುದಿ ಹುಡುಕಿದೆ.

"ಹೊರಗಿನವರು ಮುಟ್ಟಬಾರದು!" ಹಿರಿಯ ಕೂಗಿದ.

"ನಾನು ಹೊರಗಿನವಳೇ? ನಿಮಗಿಂತ ಮುಂಚಿನಿಂದ ಈ ಮನೆಯೊಳಗೇ ಇದೀನಿ!" ಅಂತ ಅಡಿಯಿಂದಲೇ ಕೂಗಿ, ತುದಿ ಹಿಡಿದು ಎಳೆದೆ.

ಮನೆಯಲ್ಲಿ ಚೀಲ ಬಿಚ್ಚಿದವರಿಗೆಲ್ಲ ಗೊತ್ತು, ಸರಿಯಾದ ತುದಿ ಸಿಕ್ಕರೆ ಸಾಕು. ಸರ್‍ರ್‍ರ್ ಅಂತ ಒಂದರ ಹಿಂದೆ ಒಂದು ಮೂವತ್ತನಾಲ್ಕೂ ಬಿಚ್ಚಿಕೊಂಡವು. ನಾನು ಈಚೆ ಉರುಳಿದೆ. ಧಣಿ ಎತ್ತಿದ ಕೈ ಎತ್ತಿದ ಹಾಗೇ, ಚೌಕಟ್ಟಿನ ನಡುವೆ ನೆಲಕ್ಕೆ ಕುಸಿದ. ಮಂಡಿ ಎರಡೂ ಗಲ್ಲಕ್ಕೆ ಬಂದಿದ್ದವು. ಹತ್ತೊಂಬತ್ತು ಗಂಟುಗಳು ಮಾತ್ರ ಚೌಕಟ್ಟಿನ ಒಂದು ಮೂಲೆಯಲ್ಲಿ ಅಲುಗಾಡದೆ ಉಳಿದಿದ್ದವು. ನಿಜವಾದ ಗಂಟು ಎಳೆದಷ್ಟೂ ಬಿಗಿಯಾಗುತ್ತದೆ.

ಅಂಗಳ ನಕ್ಕಿತು. ಅಂಥ ನಗು ಆ ಮನೆ ಕೇಳಿರಲಿಲ್ಲ. ಪೀಠವಿಲ್ಲದವನ ಕೈ ಕೈಯಲ್ಲ, ಹಾಗಾಗಿ ಗೋಡೆಯ ಮಾತು ಅಲ್ಲಿಗೇ ನಿಂತಿತು. ಹಿರಿಯ ಗಡ್ಡ ನೀವುತ್ತಾ "ಹೊಳೆದಂಡೆಯವರು ಹೊಸ ಹಗ್ಗಕ್ಕೆ ಮತ್ತೆ ಗಂಟು ಹಾಕಿ ಕಳಿಸಲಿ. ಕರಣಿಕ ಎಣಿಸುತ್ತಾನೆ" ಅಂದ.

"ಹಾಕ್ತೀವಿ" ಅಂದಳು ದೋಣಿಯವಳು. ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. ಯಾರೂ ತಡೆಯಲಿಲ್ಲ. "ಇಲ್ಲೇ ಹಾಕ್ತೀವಿ, ಎಲ್ಲರ ಕಣ್ಣೆದುರಿಗೆ, ಎಲ್ಲರೂ ಎಣಿಸೋ ಹಾಗೆ. ಆದರೆ ಅದನ್ನ ಸರಿ ತಪ್ಪು ಅನ್ನೋರು ನೀವಲ್ವಾ ಸ್ವಾಮಿ? ಅದಕ್ಕೆ ಮುಂಚೆ ನೀವು ಹತ್ತು ಜನ ಒಂದ್ಸಲ ಎದ್ದು ನಿಲ್ಲಿ. ನಿಮ್ಮ ಅಡೀಲಿ ಏನಿದೆ ಅಂತ ನಿಮ್ಮ ನಿಮ್ಮ ಕೇರಿಯೋರು ಬಂದು ನೋಡಲಿ. ಅಲ್ಲೀತನಕ ನಾನು ಕೂರಲ್ಲ."

ಸುದ್ದಿ ಕೇಳಿ ಉಳಿದ ಹತ್ತು ಕೇರಿಯವರೂ ಬಂದರು. ಅಂಗಳ ಸಾಲದೆ ಬೀದಿ ತುಂಬಿತು. ಮೊದಲು ಮಾತಾಡಿದವನು ಗಾಣದವನು. ಧಣಿಯ ಪೀಠವನ್ನು ಸುತ್ತಿದವರಲ್ಲಿ ಒಬ್ಬ, ಇನ್ನೂ ನಿಂತೇ ಇದ್ದ. ಮುಖ ಕೆಂಪಗಾಗಿತ್ತು. "ಸುತ್ತುವಾಗ ನನಗೂ ನಾಚಿಕೆಯಾಗಿತ್ತು, ಆದರೂ ಸುತ್ತಿದೆ. ತಪ್ಪಾಯ್ತು" ಅಂದ. "ನಂದು ನೋಡಿ." ಅವನ ಕೇರಿಯವರು ಬಗ್ಗಿ ನೋಡಿದರು, ಒಂದೊಂದೇ ಗಂಟು ಮುಟ್ಟಿ ನಂದು ನಂದು ಅಂದರು. ಒಂದೂ ಹೆಚ್ಚಿರಲಿಲ್ಲ, ಒಂದೂ ಕಡಿಮೆ ಇರಲಿಲ್ಲ. ಗಾಣದವನು ಕಣ್ಣೊರೆಸಿಕೊಂಡು ಮತ್ತೆ ಕೂತ. ಅಷ್ಟು ಹಾಯಾಗಿ ಕೂತವರನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ.

ಉಳಿದ ಒಂಬತ್ತು ಜನರಲ್ಲಿ ಸುತ್ತುತ್ತಿದ್ದ ಇಬ್ಬರು ಓಡಿ ಹೋಗಿ ತಮ್ಮ ತಮ್ಮ ಪೀಠದ ಮೇಲೆ ಕೂತುಬಿಟ್ಟರು. ಒಂಬತ್ತು ಜನರೂ ಕೂತೇ ಇದ್ದಾರೆ. ಇವತ್ತಿಗೆ ಏಳನೆಯ ದಿನ. ಎದ್ದರೆ ಜನ ಬಗ್ಗಿ ನೋಡುತ್ತಾರೆ, ಏಳದಿದ್ದರೆ ಸೊಂಟ ಕೇಳುವುದಿಲ್ಲ. ಹಿರಿಯನಿಗೆ ಕಾಲು ಜೋಮು ಹಿಡಿದಿದೆ. ಬುತ್ತಿ ಅವರವರ ಮನೆಯಿಂದ ಬರುತ್ತದೆ. ಮಿಕ್ಕದ್ದನ್ನು ಕೇಳಬೇಡಿ. ಹೊಳೆಯ ಮೆಟ್ಟಿಲಲ್ಲಿ ದೋಣಿ ಎಂದಿನ ಹಾಗೆ ಬಂದು ಹೋಗುತ್ತಿದೆ. ಕೇರಿಕೇರಿಯವರು ಸರದಿಯ ಮೇಲೆ ಬಂದು ಅಂಗಳದಲ್ಲಿ ನಿಲ್ಲುತ್ತಾರೆ. ನಿಂತವರಿಗೆ ಬದಲಿ ಇದ್ದಾರೆ, ಕೂತವರಿಗೆ ಇಲ್ಲ.

ನನ್ನನ್ನು ಕೆಲಸದಿಂದ ತೆಗೆಯಬೇಕಾದರೆ ಸಭೆ ಸೇರಿ ಕೈ ಎತ್ತಬೇಕು. ಅಂಚು ಹಿಡಿದ ಕೈಯನ್ನು ಯಾರು ಬಿಡುತ್ತಾರೆ? ಹಾಗಾಗಿ ದಿನಾ ಬೆಳಗ್ಗೆ ಹೋಗುತ್ತೇನೆ. ಮೂಲೆಯಿಂದ ಶುರುಮಾಡಿ, ಒಂದೊಂದೇ ಪೀಠದ ಮುಂದೆ ನಿಂತು, ಈಗ ಕಾಲು ನೋಡದೆ ಮುಖ ನೋಡಿ, ದೊಡ್ಡ ದನಿಯಲ್ಲಿ ಹೇಳುತ್ತೇನೆ:

"ಸ್ವಲ್ಪ ಏಳಿ ಸ್ವಾಮಿ, ಅಡಿ ಗುಡಿಸಬೇಕು."